ಎಡಗಡೆ ಸೀಟು ಮತ್ತು ಗ್ಯಾಸ್ ಬಾಟಲಿ

ನನ್ನ ಸೊಸೆಯ ಮೇಲೆ ನನಗೆ ಹೊಟ್ಟೆಕಿಚ್ಚು. ಅವಳ ಅಡುಗೆಗಲ್ಲ, ಮಗ ಅವಳ ಮಾತು ಕೇಳುತ್ತಾನೆ ಅಂತಲೂ ಅಲ್ಲ. ಅವಳಿಗೆ ಕಾರು ಓಡಿಸೋಕೆ ಬರುತ್ತದೆ, ಅದಕ್ಕೆ. ನಮ್ಮ ಕಡೆ ಹೊಗೆಸೊಪ್ಪು ಕಿತ್ತು ಖಾಲಿಯಾದ ಹೊಲದಲ್ಲಿ ಕಾರಿನ ಪಂದ್ಯ ಇಡುತ್ತಾರೆ. ಹೆಂಗಸರಿಗೆ ಬೇರೆ ಓಟ. ಹೋದ ಸಲ ಕಂಪಲಾಪುರದ ಹತ್ತಿರ ನಡೆದದ್ದರಲ್ಲಿ ಇವಳು ಎರಡನೆಯವಳಾಗಿ ಬಂದಳು. ಜನ ಶಿಳ್ಳೆ ಹೊಡೆದರು. ನಾನು ಬದುವಿನ ಮೇಲೆ ಕೂತು ಧೂಳು ತಿಂದೆ. ನನ್ನ ಗಂಡ ಇದ್ದಾಗ ಮನೆಯ ಟ್ರ್ಯಾಕ್ಟರ್ ಹತ್ತೋಕೂ ನನ್ನನ್ನು ಬಿಡಲಿಲ್ಲ. ಹಿಂದಿನ ಟ್ರೇಲರಿನಲ್ಲಿ ಗೊಬ್ಬರದ ಜೊತೆ ಕೂರಿಸುತ್ತಿದ್ದರು.

ಸೊಸೆಯ ಕಾರಿನಲ್ಲಿ ನನ್ನದು ಅಂತ ಇದ್ದದ್ದು ಒಂದೇ ಜಾಗ, ಮುಂದಿನ ಎಡಗಡೆ ಸೀಟು. ಹಿಂದಿನ ಸೀಟನ್ನು ಕಿತ್ತು, ಮಗುಚಿದರೆ ತಲೆ ಒಡೆಯದಿರಲಿ ಅಂತ ಕಬ್ಬಿಣದ ಪೈಪಿನ ಪಂಜರ ಕೂರಿಸಿದ್ದಾರೆ. ಹುಣಸೂರಿಗೆ ಕಣ್ಣು ತೋರಿಸೋಕೆ, ಕೆ.ಆರ್. ನಗರದ ಮಗಳ ಮನೆಗೆ, ಎಲ್ಲಕ್ಕೂ ನಾನು ಮುಂದೆ. ಮಗ ಬೈಕಿನಲ್ಲಿ ಹಿಂದೆ ಬರುತ್ತಿದ್ದ.

ಈ ಸಲ ಮೊದಲು ಬರಲೇಬೇಕು ಅಂತ ಸೊಸೆ ಕಾರಿಗೆ ನೈಟ್ರಸ್ ಗ್ಯಾಸ್ ಹಾಕಿಸೋಕೆ ಹೊರಟಳು. ಹುಣಸೂರಿನ ಗ್ಯಾರೇಜಿಗೆ ನಾನೂ ಹೋದೆ. ಯಾರೂ ಕರೆದಿರಲಿಲ್ಲ. ಅದೇನು ಗ್ಯಾಸು ಅಂತ ಮೆಕ್ಯಾನಿಕ್‌ನನ್ನು ಕೇಳಿದೆ.

"ಒಲೆಗೆ ಊದುಗೊಳವೇಲಿ ಊದ್ತೀರಲ್ಲವ್ವ, ಅಂಗೆ. ಈ ಗ್ಯಾಸು ತಾನು ಉರಿಯಲ್ಲ. ಪೆಟ್ರೋಲ್ ಜಾಸ್ತಿ ಉರಿಯಂಗೆ ಮಾಡ್ತದೆ."

"ಪೆಟ್ರೋಲ್ ಕಮ್ಮಿ ಬಿದ್ರೆ?"

"ಇಂಜಿನ್ ಕಾದು ಪಿಸ್ಟನ್ ಕರಗೋಯ್ತದೆ."

ಇದರಲ್ಲಿ ಮೂರು ಥರವಂತೆ. ಡ್ರೈ ಅಂದರೆ ಪೈಪಿನಲ್ಲಿ ಗ್ಯಾಸ್ ಒಂದೇ ಬರುತ್ತದೆ, ಹೆಚ್ಚಿಗೆ ಬೇಕಾದ ಪೆಟ್ರೋಲನ್ನು ಕಾರಿನ ಕಂಪ್ಯೂಟರೇ ಕೊಡಬೇಕು. ವೆಟ್ ಅಂದರೆ ಗ್ಯಾಸೂ ಪೆಟ್ರೋಲೂ ಒಂದೇ ಮೂತಿಯಿಂದ ಕೂಡಿ ಚಿಮ್ಮುತ್ತವೆ. ಮೂರನೆಯದರಲ್ಲಿ ಇಂಜಿನ್ನಿನ ಒಂದೊಂದು ಸಿಲಿಂಡರಿಗೂ ಬೇರೆ ಬೇರೆ ಮೂತಿ. "ಮಣ್ಣಲ್ಲಿ ಅಷ್ಟು ಶಕ್ತಿ ಕೊಟ್ರೆ ಚಕ್ರ ನಿಂತಲ್ಲೇ ತಿರುಗ್ತದೆ" ಅಂತ ಮೆಕ್ಯಾನಿಕ್ ಅದನ್ನು ಅಲ್ಲಿಗೇ ಕೈಬಿಟ್ಟ.

ಬೈಕಿನಲ್ಲಿ ಹಿಂದೆಯೇ ಬಂದಿದ್ದ ಮಗ ಡ್ರೈ ಸಾಕು ಅಂದ. ಸೊಸೆ ಒಪ್ಪಲಿಲ್ಲ. "ಕಂಪ್ಯೂಟರ್ ಕೈ ಕೊಟ್ರೆ? ವೆಟ್ಟಲ್ಲಾದ್ರೆ ಎರಡೂ ಕೂಡೇ ಬತ್ತವೆ. ಮುಂದೆ ಜೋರೂ ಮಾಡ್ಬೋದು."

"ಅಂಗಾರೆ ದೊಡ್ಡ ಬಾಟ್ಲಿ ಇಡ್ಬೇಕು. ಅದರ ವಾಲ್ವ್ ಓಡಿಸೋರ ಕೈಗೆ ಸಿಗ್ಬೇಕು" ಅಂದ ಮೆಕ್ಯಾನಿಕ್, ಎಡಗಡೆ ಸೀಟನ್ನು ತಟ್ಟಿದ. "ಇದನ್ನ ಕಿತ್ತಾಕಿ ಇಲ್ಲೇ ಕೂರಿಸ್ಬುಡಣ."

ನನಗೆ ಮೈಯೆಲ್ಲ ಉರಿಯಿತು. "ಕೀಳಪ್ಪ, ಕೀಳು. ನನ್ನ ಡಿಕ್ಕೀಗೆ ಹಾಕಿ."

"ಸುಮ್ಕಿರವ್ವ" ಅಂದ ಮಗ.

"ಡ್ರೈ ಹಾಕಿದ್ರೆ ಸೀಟು ಉಳೀತದಾ?" ಅಂತ ನಾನು ಕೇಳಿದೆ.

"ಸಣ್ಣ ಬಾಟ್ಲಿ ಸಾಕು, ಸೀಟಿನ ಹಿಂದೆ ಹಿಡೀತದೆ" ಅಂದ ಮೆಕ್ಯಾನಿಕ್.

"ಹಂಗಾರೆ ಡ್ರೈಯೇ ಹಾಕು."

ಸೊಸೆ ಸೊಂಟದ ಮೇಲೆ ಕೈಯಿಟ್ಟಳು. "ಅತ್ತೆ, ಓಡ್ಸೋಳು ನಾನು."

"ಅದೇ ಕಣಮ್ಮಿ. ನಿಂಗೆ ಸ್ಟೇರಿಂಗ್ ಐತೆ. ನಂಗೇನೈತೆ?"

ಅವಳು ನನ್ನನ್ನೇ ನೋಡಿದಳು. ಆಮೇಲೆ ನಕ್ಕಳು. "ಆಯ್ತು, ಡ್ರೈ ಹಾಕ್ಸಣ. ಆದ್ರೆ ನಾನು ಮೊದಲ್ನೇ ಸಲ ಗ್ಯಾಸ್ ಬಿಡುವಾಗ ನೀವು ಪಕ್ಕದಲ್ಲಿರ್ಬೇಕು. ಎದ್ರಕಂಡ್ರೋ, ಸೀಟು ಕಿತ್ತು ವೆಟ್ ಹಾಕಸ್ತೀನಿ."

"ಹಾಕಸ್ಕೋ ಹೋಗು" ಅಂದೆ.

ರಸ್ತೆಯಲ್ಲಿ ಗ್ಯಾಸ್ ಬಿಡುವಂತಿಲ್ಲ. ಹಾಗಾಗಿ ಪರೀಕ್ಷೆ ನಮ್ಮ ಖಾಲಿ ಹೊಲದಲ್ಲೇ ಆಯಿತು. ಹೆಲ್ಮೆಟ್ಟಿಗೆ ತುರುಬು ಅಡ್ಡ ಬಂತು, ಬಿಚ್ಚಿ ಜಡೆ ಹಾಕಿದೆ. ಸೊಂಟಕ್ಕೂ ಭುಜಕ್ಕೂ ಪಟ್ಟಿ ಬಿಗಿದರು. ಸೊಸೆ ಕಾರನ್ನು ಓಡಿಸಿ ವೇಗ ಹಿಡಿದ ಮೇಲೆ ಹೆಬ್ಬೆರಳಿನಿಂದ ಕೆಂಪು ಬಟನ್ ಒತ್ತಿದಳು. ಯಾರೋ ಎದೆಗೆ ಕೈಯಿಟ್ಟು ಹಿಂದಕ್ಕೆ ತಳ್ಳಿದ ಹಾಗಾಯಿತು. ಬಾಯಲ್ಲಿದ್ದ ಎಲೆಅಡಿಕೆ ಗಂಟಲಿಗೆ ಇಳಿಯಿತು. ಹೊಲದ ಆ ಕಡೆಯ ಬದು ಎದ್ದು ನಮ್ಮ ಮೇಲೇ ಬಂತು. ಅಷ್ಟರಲ್ಲಿ ಅವಳು ಬ್ರೇಕ್ ಹಾಕಿದಳು.

ನಾನು ಎರಡೂ ಕೈಯಲ್ಲಿ ಭುಜದ ಪಟ್ಟಿ ಹಿಡಿದುಕೊಂಡೇ ಕೂತಿದ್ದೆ.

"ಸೀಟು ಹೋಯ್ತು ಅಂತ ತಿಳ್ಕೋಬೋದಾ ಅತ್ತೆ?"

ಕೆಮ್ಮಿ ಗಂಟಲು ಸರಿ ಮಾಡಿಕೊಂಡೆ. "ಇಷ್ಟೇನಾ? ಇನ್ನೊಂದ್ಸಲ ಬುಡು."

ಬಿಟ್ಟಳು. ಆಮೇಲೆ ಮತ್ತೊಂದು ಸಲವೂ ಬಿಡಿಸಿದೆ.

ಸೀಟು ನನಗೇ ಉಳಿಯಿತು. ಪಂದ್ಯದಲ್ಲಿ ಅವಳು ಈ ಸಲವೂ ಎರಡನೆಯವಳೇ. ವೆಟ್ ಹಾಕಿಸಿದ್ದರೆ ಗೆಲ್ಲುತ್ತಿದ್ದೆ ಅಂತ ಇವತ್ತಿಗೂ ಹೇಳುತ್ತಾಳೆ. ಇರಬಹುದು. ನನಗೇನೂ ಬೇಜಾರಾಗಲಿಲ್ಲ. ಆದರೆ ಈಗ ಆ ಸೀಟಿನಲ್ಲಿ ಕೂತರೆ ಮೊದಲಿನ ಸುಖವಿಲ್ಲ. ಹುಣಸೂರು ಬರುವ ತನಕ ನನ್ನ ಕಣ್ಣು ಅವಳ ಹೆಬ್ಬೆರಳಿನ ಮೇಲೇ ಇರುತ್ತದೆ. ಬಟನ್ ಅವಳ ಕಡೆಗಿದೆ.