ಎಲ್ಲಾ ಬರ

ನನ್ನ ಸೋದರಮಾವ ನಾವು ನೆಲೆಸಿದ್ದ ಮರಾಠಿ ಊರಿನ ಮಾರ್ಕೆಟ್ ಯಾರ್ಡಿನ ಈರುಳ್ಳಿ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಗಡ್ಡೆಯ ಕುತ್ತಿಗೆಯನ್ನು ಹೆಬ್ಬೆರಳಿನಿಂದ ಒತ್ತಿ, ಅದು ಎಷ್ಟು ಮಳೆ ಕುಡಿದಿದೆ ಎಂದು ಹೇಳಬಲ್ಲವರು. ಮಳೆಗಾಲ ಕೆಟ್ಟುಹೋಗಿದೆ ಎಂದು ಅವರು ವರ್ಷಗಟ್ಟಲೆ ಹೇಳುತ್ತ ಬಂದರು. ಮಂಡಿಯವರು ನಗುತ್ತ ಬಂದರು.

ಎರಡು ಸಾವಿರದ ಇಸವಿಯ ಆಚೀಚೆ, ವಿಶ್ವವಿದ್ಯಾಲಯದ ನಾವು ನಾಲ್ವರು ಗೆಳೆಯರು ಹವಾಮಾನ ಬದಲಾವಣೆಯ ಬಗ್ಗೆ ಒಂದು ಸಾಕ್ಷ್ಯಚಿತ್ರ ಮಾಡಿದೆವು. ಚಿತ್ರ ನೋಡಿ ಜನ ಎಚ್ಚರಗೊಳ್ಳುತ್ತಾರೆಂಬ ನಂಬಿಕೆ ನನಗಿರಲಿಲ್ಲ. ಮಾವನಿಗಿತ್ತು.

“ನಾ ಹೇಳಿದ್ರ ಕೇಳಂಗಿಲ್ಲೋ. ಪರದೆ ಮ್ಯಾಲೆ ಬಂದ್ರ ಕೇಳ್ತಾರ,” ಎಂದು ಇಸ್ತ್ರಿ ಮಾಡಿದ ಟೊಪ್ಪಿಗೆ ಹಾಕಿಕೊಂಡು ಕ್ಯಾಮೆರಾ ಮುಂದೆ ಕೂತರು.

ಮಾತೆಲ್ಲ ಮರಾಠಿಯಲ್ಲೇ ಆಯಿತು. ಕೊನೆಗೆ ದನಿ ನಡುಗಿ, ಒಂದು ವಾಕ್ಯ ಮಾತ್ರ ಮನೆಯ ಭಾಷೆ ಕನ್ನಡಕ್ಕೆ ಜಾರಿತು: “ಇನ್ನ ಮುಂದ ಎಲ್ಲಾ ಬರ.”

ಪ್ರದರ್ಶನ ಸದಾಶಿವ ಪೇಠದ ಸಣ್ಣ ಸಭಾಗೃಹದಲ್ಲಿ. ಮಾವ ಮಂಡಿಯ ಮಾಲೀಕರನ್ನೂ ಹಮಾಲರನ್ನೂ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಪರದೆಯ ಮೇಲೆ ಅವರ ಕಣ್ಣು ತುಂಬಿತು. ಕೆಳಗೆ ಮರಾಠಿ ಅಕ್ಷರಗಳು ಮೂಡಿದವು: ಮುಂದೆ ಎಲ್ಲ ಚೆನ್ನಾಗಿರುತ್ತದೆ. ಮರಾಠಿ ಕಿವಿಗೆ ‘ಬರ’ ಎಂದರೆ ಚೆನ್ನ, ಅಥವಾ ಬರೀ ‘ಸರಿ, ಆಗಲಿ’.

ಸಭೆ ಗೊಳ್ಳೆಂದು ನಕ್ಕಿತು. “ವಾ! ಅಳತಾ ಅಳತಾ ಶುಭಸುದ್ದಿ!” ಎಂದು ಮಾಲೀಕರು ಮರಾಠಿಯಲ್ಲಿ ಛೇಡಿಸಿದರು.

ಹೊರಗೆ ಬಂದು ಮಾವ ನನ್ನ ತೋಳು ಹಿಡಿದರು. “ಏ ಶಾಣ್ಯಾ, ನಾ ಅಂದದ್ದೇನು, ನೀವು ಬರದದ್ದೇನು?”

“ತಪ್ಪಾತು ಮಾಮಾ. ತಿದ್ದಸ್ತೀನಿ.”

“ನಕ್ಕ ಹೋದ್ರಲ್ಲೋ ಅವರು. ಇನ್ನೊಮ್ಮೆ ಕರದ್ರ ಬರ್ತಾರೇನು?”

ಚಿತ್ರವನ್ನು ಸಂಕಲಿಸುತ್ತಿದ್ದ, ಕನ್ನಡ ಬಾರದ ಮರಾಠಿ ಗೆಳತಿ ಮೊದಲೇ ನನಗೆ ಫೋನ್ ಮಾಡಿದ್ದಳು: ಮಾವನ ಮಾತಿನ ಕೊನೆಯ ಪದ ‘ಬರ’ ತಾನೆ, ಹಾಗೇ ಹಾಕಲೇ? ಲೋಣಾವಳಾ ಲೋಕಲ್ ರೈಲು ಹಿಡಿಯುವ ಅವಸರದಲ್ಲಿದ್ದೆ. “ಬರ, ಬರ,” ಎಂದು ಫೋನ್ ಇಟ್ಟೆ. ಕನ್ನಡದಲ್ಲೇ ಹೇಳಿದೆ ಎಂದು ಬಹಳ ವರ್ಷ ನಂಬಿದ್ದೆ. ಈಗ ಖಾತ್ರಿಯಿಲ್ಲ. ಆ ಲೋಕಲ್ ಕೂಡ ಆಮೇಲೆ ನಾನೇ ಸೇರಿಸಿಕೊಂಡ ನೆಪವಿರಬಹುದು.

ಪ್ರದರ್ಶನ ಮುಗಿಯುವಷ್ಟರಲ್ಲಿ ಚಿತ್ರದ ಕ್ಯಾಸೆಟ್‌ಗಳು ಶಾಲೆಗಳಿಗೆ ಹೋಗಿಬಿಟ್ಟಿದ್ದವು. ಗೆಳೆಯರು ಚದುರಿದರು. ನಾನು ತಿದ್ದಿಸಲಿಲ್ಲ.

ಮಾವ ಮಂಡಿಗೆ ಹೋಗುವುದನ್ನು ಬಿಡಲಿಲ್ಲ, ಗಡ್ಡೆಯ ಕುತ್ತಿಗೆ ಒತ್ತಿ ನೋಡುವುದನ್ನೂ ಬಿಡಲಿಲ್ಲ. ಈ ಸಲದ ಮಳೆ ಹೇಗೆ ಎಂದು ಯಾರಾದರೂ ಕೇಳಿದರೆ ಮಾತ್ರ, ಮುಖ ಎತ್ತದೆ, ಮರಾಠಿಯಲ್ಲಿ “ಬರ” ಎನ್ನುತ್ತಿದ್ದರು.