‘ಪರವಾಗಿಲ್ಲ’ದ ಹಿಂದಿನ ಉರಿ

ಬೆಳಕು ಹರಿಯುವ ಹೊತ್ತು. ಆಸ್ಟ್ರೇಲಿಯಾದ ಡೆನಿಲಿಕ್ವಿನ್ ಊರಿನ ಆಚೆಯ ಬಯಲಿನಲ್ಲಿ, ಕುರಿಗಳ ಉಣ್ಣೆ ಕತ್ತರಿಸುವ ತಗಡಿನ ಶೆಡ್ಡಿನ ಮುಂದೆ ಬಿಳಿ ಕಾರೊಂದು ನಿಲ್ಲುತ್ತದೆ. ಇಳಿಯುವವರು ಮೆರಿಲಿನ್ ಟಕ್‌ವೆಲ್, ನೋವಿನ ಚಿಕಿತ್ಸಾ ವಿಭಾಗದ ನರ್ಸ್. ಹೆಗಲಿಗೆ ಚೀಲ, ಕೈಯಲ್ಲಿ ಫೋನಿನಂಥದೊಂದು ಯಂತ್ರ. ಒಳಗೆ ಉಣ್ಣೆಯ ಮೂಟೆಗೆ ಒರಗಿ ಕ್ಲೆಮ್ ಡಗನ್ ಚಹಾ ಕುಡಿಯುತ್ತಿದ್ದಾನೆ. ಬಲಗೈಯಲ್ಲಿ ಮಗ್ಗು, ಎಡಗೈ ಪ್ಯಾಂಟಿನ ಜೇಬಿನಲ್ಲಿ.

ಮೆರಿಲಿನ್ ನೋಡುವುದು ಆ ಜೇಬನ್ನೇ.

ಕ್ಲೆಮ್‌ಗೆ ಹರ್ನಿಯಾ ಆಪರೇಷನ್ ಆಗಿ ನಾಲ್ಕು ವರ್ಷ. ತೊಡೆಸಂದಿಗೆ ಜಾಲರಿ ಹಾಕಿ ಹೊಲಿದರು. ಗಾಯ ಮಾಯಿತು, ಆದರೆ ಅಲ್ಲಿನ ನರವೊಂದು ಕೆರಳಿ ಕೂತಿತು. ಬಟ್ಟೆ ಸೋಕಿದರೂ ಕೆಂಡ ಇಟ್ಟಂಥ ಉರಿ. ಕುರಿಯನ್ನು ಕಾಲುಗಳ ನಡುವೆ ಅದುಮಿ ಹಿಡಿದು ದಿನವಿಡೀ ಬಗ್ಗಿ ನಿಲ್ಲುವ ಕಸುಬಿನವನು ಈ ಉರಿ ಇಟ್ಟುಕೊಂಡು ಏನು ಮಾಡಬೇಕು? ಸ್ಕ್ಯಾನ್ ತೆಗೆದವರು ಎಲ್ಲ ಸರಿಯಿದೆ ಎಂದರು. ವಿಮೆಯವರು ಇವನು ಸೋಮಾರಿ ಎಂಬುದನ್ನೇ ಮರ್ಯಾದಸ್ಥರ ಭಾಷೆಯಲ್ಲಿ ಬರೆದು ಕಳಿಸಿದರು. ಈ ದೇಶ ಉಣ್ಣೆಯ ಮೇಲೆ ನಿಂತಿದೆ ಎಂದು ಭಾಷಣ ಬಿಗಿಯುವವರಿಗೆ, ಉಣ್ಣೆ ತೆಗೆಯುವವನ ತೊಡೆಸಂದಿಯಲ್ಲಿ ಏನು ಉರಿಯುತ್ತಿದೆ ಎಂದು ಕೇಳಲು ಪುರುಸೊತ್ತಿಲ್ಲ. ಕೇಳಿದವರು ಮೆರಿಲಿನ್.

ಅವರ ವಿಭಾಗದ ಡಾಕ್ಟರು ಕ್ಲೆಮ್‌ನ ಆ ನರದ ಪಕ್ಕಕ್ಕೆ ಕೂದಲಿನಂಥ ತಂತಿ ಇಳಿಸಿದ್ದಾರೆ. ಸೊಂಟಕ್ಕೆ ಅಂಟಿಸಿದ ಡಬ್ಬಿಯಿಂದ ಅದರಲ್ಲಿ ಸಣ್ಣಗೆ ಕರೆಂಟು ಹರಿಯುತ್ತದೆ. ಉರಿಯ ಜಾಗದಲ್ಲಿ ಜುಮುಜುಮು ಎಂದರೆ ಉರಿ ತಗ್ಗುತ್ತದೆ. ಇದು ಒಂದು ವಾರದ ಪರೀಕ್ಷೆ. ನೋವು ಅರ್ಧಕ್ಕಾದರೂ ಇಳಿದರೆ ಚರ್ಮದಡಿ ಬ್ಯಾಟರಿ ಕೂರಿಸುತ್ತಾರೆ, ಇಲ್ಲದಿದ್ದರೆ ತಂತಿ ಕಿತ್ತು ಮನೆಗೆ ಕಳಿಸುತ್ತಾರೆ. ಆ ವಾರ ಇವತ್ತಿಗೆ ಮುಗಿಯುತ್ತದೆ.

ದಿನಾ ಮೆರಿಲಿನ್ ಫೋನು ಮಾಡಿ ಹೇಗಿದೆ ಎಂದರೆ ಕ್ಲೆಮ್‌ನದು ಒಂದೇ ಉತ್ತರ, ಪರವಾಗಿಲ್ಲ. ಈ ಬಯಲಿನವರಿಗೆ ಕುರಿ ಒದ್ದು ಹಲ್ಲು ಮುರಿದರೂ ಪರವಾಗಿಲ್ಲ, ಮಗಳ ಮದುವೆ ಚೆನ್ನಾಗಿ ಆದರೂ ಪರವಾಗಿಲ್ಲ. ಮೆರಿಲಿನ್ ಇದೇ ಸೀಮೆಯಲ್ಲಿ ಬೆಳೆದವರು. ಆದರೂ ಮೋಸಹೋದರು, ನೋವು ಇಳಿಯುತ್ತಿದೆ ಅಂದುಕೊಂಡರು. ನಿನ್ನೆ ಸಂಜೆ ಫೋನಿನ ಹಿಂದೆ ಕ್ಲೆಮ್‌ನ ಹೆಂಡತಿ ನೊರೀನ್ ಗೊಣಗಿದ್ದು ಕೇಳಿಸಿತು: “ಇವನು ಹೆಣವಾಗಿ ಮಲಗಿದ್ರೂ ಪರವಾಗಿಲ್ಲ ಅಂತಾನೆ, ಇವನ ಮಾತು ಕೇಳ್ಬೇಡಿ ಸಿಸ್ಟರ್.”

ಅದಕ್ಕೇ ಈ ಬೆಳಗಿನ ಸವಾರಿ.

ಶೆಡ್ಡಿನವರು ಆಗಲೇ ತಮಾಷೆ ಶುರುಮಾಡಿದ್ದಾರೆ. ಕ್ಲೆಮ್‌ನಲ್ಲಿ ಕರೆಂಟು ಇದೆಯಲ್ಲ, ಕತ್ತರಿಸುವ ಯಂತ್ರವನ್ನು ಅವನಿಗೇ ಸಿಕ್ಕಿಸಿದರೆ ಬಿಲ್ಲು ಉಳಿಯುತ್ತದೆ ಎಂದು ಒಬ್ಬ. ಕ್ಲೆಮ್ ನಗುತ್ತಾನೆ, ಎಡಗೈ ಮಾತ್ರ ಈಚೆ ಬರುವುದಿಲ್ಲ. ಜೇಬಿನೊಳಗಿಂದ ಬಟ್ಟೆಯನ್ನು ಮೈಗೆ ತಾಗದಂತೆ ಎತ್ತಿ ಹಿಡಿದಿದೆ ಅದು.

ಮೈಯಲ್ಲಿ ತಂತಿ ಇಟ್ಟುಕೊಂಡು ಧೂಳಿಗೆ ಬಂದು ನಿಂತದ್ದಕ್ಕೆ ಕ್ಲೆಮ್‌ಗೆ ಮೊದಲು ಬೈಗುಳ. ಆಮೇಲೆ ಮೆರಿಲಿನ್ ಅವನನ್ನು ಹೊರಗೆ ಕರೆದೊಯ್ದು ಕಾರಿನ ಸೀಟಿನಲ್ಲಿ ಕೂರಿಸುತ್ತಾರೆ.

“ಜುಮುಜುಮು ಎಲ್ಲಿ ಬರುತ್ತೆ?”

“ತೊಡೆಯ ಹೊರಮಗ್ಗುಲಲ್ಲಿ.”

“ಉರಿ?”

“ಒಳಗಡೆ.”

“ಮತ್ತೆ ವಾರಪೂರ್ತಿ ಯಾಕಪ್ಪ ಬಾಯಿ ಬಿಡ್ಲಿಲ್ಲ?”

ಕ್ಲೆಮ್ ಮಗ್ಗಿನ ತಳ ನೋಡುತ್ತಾನೆ. “ಅಷ್ಟು ಕಷ್ಟಪಟ್ಟು ತಂತಿ ಹಾಕಿದ್ದೀರಿ. ನಿಮಗೆ ಬೇಜಾರಾಗುತ್ತೆ ಅಂತ.”

ಮೆರಿಲಿನ್ ಸಿಟ್ಟಾಗುವುದಿಲ್ಲ, ಸಿಟ್ಟು ನಮ್ಮಂಥವರಿಗೆ. ತಂತಿಯ ತುದಿಯಲ್ಲಿ ಕರೆಂಟು ಬಿಡುವ ಬಿಂದುಗಳು ಹಲವು. ಡಾಕ್ಟರು ಹೇಳಿದ ಮಿತಿಯೊಳಗೆ, ಕೈಯಲ್ಲಿನ ಯಂತ್ರದಿಂದ ಒಂದನ್ನು ನಂದಿಸಿ, ಇನ್ನೊಂದನ್ನು ಹಚ್ಚಿ, ಪ್ರತಿ ಸಲ ಕೇಳುತ್ತಾರೆ. ಇಲ್ಲ. ಇಲ್ಲ. ಮೊಣಕಾಲಿಗೆ ಹೋಯಿತು. ಶೆಡ್ಡಿನೊಳಗೆ ಗಂಟೆ ಬಾರಿಸಿ ಕೆಲಸ ಶುರುವಾಗುತ್ತದೆ, ಯಂತ್ರಗಳು ಮೊರೆಯುತ್ತವೆ. ಇಲ್ಲ. ಮತ್ತೊಂದು ಬಿಂದು ಹಚ್ಚುತ್ತಾರೆ. ಕ್ಲೆಮ್‌ನ ಎಡಗೈ ಜೇಬಿನಿಂದ ಹೊರಬರುತ್ತದೆ, ಏನು ಮಾಡಬೇಕೆಂದು ತಿಳಿಯದೆ ಗಾಳಿಯಲ್ಲಿ ನಿಂತು, ಕೊನೆಗೆ ಮಗ್ಗನ್ನು ಹಿಡಿಯುತ್ತದೆ. ಎರಡೂ ಕೈಯಲ್ಲಿ ಮಗ್ಗು.

“ಹೇಗಿದೆ?” ಎಂದರೆ, “ಪರ—” ಎಂದು ಬಾಯಿ ತೆರೆದು ನುಂಗಿಕೊಳ್ಳುತ್ತಾನೆ.

ಈ ಶೆಡ್ಡಿನಲ್ಲಿ ತಪ್ಪು ಮಾಡಿದವನು ಎಲ್ಲರಿಗೂ ಒಂದು ಪೆಟ್ಟಿಗೆ ಬಿಯರ್ ಕೊಡಿಸಬೇಕು. ಮೆರಿಲಿನ್ ಅಲ್ಲೇ ಇಡೀ ಶೆಡ್ಡಿಗೆ ಹೊಸ ಕಾನೂನು ಹೊರಡಿಸುತ್ತಾರೆ: ಇನ್ನು ಮೇಲೆ ಆ ಪದ ಯಾರು ಆಡಿದರೂ ಒಂದು ಪೆಟ್ಟಿಗೆ. ಪರೀಕ್ಷೆಯನ್ನು ಕೆಲವು ದಿನ ಮುಂದುವರಿಸಲು ಫೋನಿನಲ್ಲೇ ಡಾಕ್ಟರನ್ನು ಒಪ್ಪಿಸಿಯೇ ಅವರು ಕಾರು ತಿರುಗಿಸುವುದು.

ಈಗ ಬ್ಯಾಟರಿ ಕ್ಲೆಮ್‌ನ ಚರ್ಮದಡಿ ಕೂತಾಗಿದೆ. ಉರಿ ಪೂರಾ ಹೋಗಿಲ್ಲ, ಅವನ ಹಿಡಿತಕ್ಕೆ ಬಂದಿದೆ. ಡಾಕ್ಟರ ಒಪ್ಪಿಗೆ ಪಡೆದು ಬೆಳಗಿನ ಪಾಳಿಯಲ್ಲಿ ಕುರಿ ಹಿಡಿಯುತ್ತಾನೆ. ಮೆರಿಲಿನ್‌ರ ಹೆಸರು ಯಾವ ಫಲಕದಲ್ಲೂ ಇಲ್ಲ. ಅವರ ಆಸೆ ಕೇಳಿದರೆ ಕಾರಿಗೆ ಒಳ್ಳೇ ಟೈರು ಬೇಕು ಎನ್ನುತ್ತಾರೆ. ಹೆಮ್ಮೆ ಕೇಳಿದರೆ ಮಾತ್ರ ಮೊನ್ನೆ ಬಂದ ಫೋನಿನ ಕಥೆ ಹೇಳುತ್ತಾರೆ. ಕ್ಲೆಮ್ ತಾನಾಗಿ ಮಾಡಿದ ಮೊದಲ ಫೋನು ಅದು: “ಸಿಸ್ಟರ್, ನೋಯ್ತಾ ಇದೆ. ಬರ್ತೀರಾ?”

“ಅಷ್ಟು ಖುಷಿ ನನಗೆ ಯಾವತ್ತೂ ಆಗಿರ್ಲಿಲ್ಲ,” ಎನ್ನುತ್ತಾರೆ ಮೆರಿಲಿನ್. ಮರುದಿನ ನಸುಕಿನಲ್ಲೇ ಶೆಡ್ಡಿನ ಮುಂದೆ ಇಳಿದರು. ರಸ್ತೆ ಹೇಗಿತ್ತು ಸಿಸ್ಟರ್ ಎಂದು ಕ್ಲೆಮ್ ಕೇಳಿದ. ಧೂಳು ಕೊಡವಿಕೊಳ್ಳುತ್ತಾ ಇವರು, “ಪರವಾಗಿಲ್ಲ” ಎಂದರು.

ಇಡೀ ಶೆಡ್ಡು ತಿರುಗಿ ನೋಡಿತು.

“ಒಂದು ಪೆಟ್ಟಿಗೆ, ಸಿಸ್ಟರ್,” ಎಂದ ಕ್ಲೆಮ್.