ಸಿಂಫನಿಗೊಂದು ಭೇಷ್

“ಅಮ್ಮಾ, ಟೆಲ್ ಅಜ್ಜಿ. ನೋ ತಾಳ ಟುಡೇ.”

ಕಾರು ಪಾರ್ಕ್‌ಲ್ಯಾಂಡ್ಸ್ ಬಡಾವಣೆ ದಾಟುವವರೆಗೂ ಮಗಳು ಸ್ಮಿತಾದು ಇದೇ ರಾಗ. ನೈರೋಬಿಗೆ ಜರ್ಮನಿಯ ಸಿಂಫನಿ ಆರ್ಕೆಸ್ಟ್ರಾ ಬಂದಿತ್ತು. ಪಾಸ್ ಕೊಟ್ಟವರು ಅವಳ ವಯಲಿನ್ ಟೀಚರ್, ಜರ್ಮನ್ ಹೆಂಗಸು. ಅವರು ಕೂರುವುದೂ ನಮ್ಮ ಪಕ್ಕದಲ್ಲೇ. ಸ್ಕೂಲ್ ಕನ್ಸರ್ಟಿನ ಸೋಲೋ ಯಾರಿಗೆಂದು ಅವರಿನ್ನೂ ಬಾಯಿ ಬಿಟ್ಟಿರಲಿಲ್ಲ. ಹುಡುಗಿಗೆ ಹೆದರಿಕೆಯಾಗದೆ ಇರುತ್ತದೆಯೇ?

ಯಾಕೆಂದರೆ ಜೊತೆಯಲ್ಲಿದ್ದವರು ಮೈಸೂರಿನಿಂದ ಬಂದಿದ್ದ ನಮ್ಮತ್ತೆ. ಕಛೇರಿಯಲ್ಲಿ ತೊಡೆ ತಟ್ಟಿ ತಾಳ ಹಾಕದೆ, ಭೇಷ್ ಅನ್ನದೆ ಕೂತರೆ ಕಲಾವಿದರಿಗೆ ಅವಮಾನ ಎಂದು ನಂಬಿದವರು. (ಕುಕ್ಕರ್ ಕೂಗಿಗೂ ತಾಳ ಹಾಕುತ್ತಾರೆ.)

ಹಾಲ್‌ನಲ್ಲಿ ಕೊಟ್ಟ ಪುಸ್ತಿಕೆಯನ್ನು ಅತ್ತೆಗೆ ಓದಿ ಹೇಳಿದೆ. ಮೊದಲು ದೊರೆಯ ಊಟದ ಹೊತ್ತಿಗೆ ನುಡಿಸುತ್ತಿದ್ದ ತಂಡವಂತೆ, ಆಮೇಲೆ ಊರಿನವರದಾಯಿತಂತೆ. ಇವತ್ತಿಗೂ ನುಡಿಸುವುದು ಹೆಚ್ಚಾಗಿ ಹಳೆಯ ಜರ್ಮನ್ ಸಿಂಫನಿಗಳೇ.

“ತಾತನ ಕಾಲದಿಂದ ಅದನ್ನೇ ನುಡಿಸ್ತಾರಾ?”

“ರೆಪರ್ಟರಿ, ಅಜ್ಜಿ. ಅವರ ಖಾಯಂ ಲಿಸ್ಟ್,” ಅಂದಳು ಸ್ಮಿತಾ.

(ಮದುವೆಯಾದಾಗಿನಿಂದ ದೇವರಮನೆಯಲ್ಲಿ ಅದೇ ನಾಲ್ಕು ಕೀರ್ತನೆ ಹಾಡುವವರು ಕೇಳುವ ಪ್ರಶ್ನೆಯೇ ಇದು?)

ಕಂಡಕ್ಟರ್ ಬಂದು ಕಡ್ಡಿ ಎತ್ತಿದರು. ಅತ್ತೆ ನನ್ನ ಕಿವಿಯಲ್ಲಿ, “ನಮಗೆ ಬೆನ್ನು ಹಾಕಿ ಅವನೊಬ್ಬ ತಾಳ ಹಾಕಬಹುದು, ನಾನು ಹಾಕಬಾರದು. ಚೆನ್ನಾಗಿದೆ ಕಣೇ,” ಅಂದರು. ಸ್ಮಿತಾ ಅಜ್ಜಿಯ ಎರಡೂ ಕೈ ಹಿಡಿದುಕೊಂಡು ಕೂತಳು.

ಕೈಯೇನೋ ಹಿಡಿದಳು. ಬಾಯಿ?

ಸಿಂಫನಿಯ ಮೊದಲ ಭಾಗ ಮುಗಿಯಿತು. ಮುಂದಿನದು ಶುರುವಾಗುವವರೆಗೆ ಯಾರೂ ಉಸಿರೆತ್ತುವಂತಿಲ್ಲ. ಆಗಲೇ ಬಂತು, ದೊಡ್ಡ ದನಿಯಲ್ಲಿ: “ಭೇಷ್.”

ಮುಂದಿನ ಸಾಲುಗಳೆಲ್ಲ ತಿರುಗಿ ನೋಡಿದವು. ಸ್ಮಿತಾ ಕುರ್ಚಿಯಲ್ಲೇ ಕುಸಿದಳು. ಸೋಲೋ ಹೋಯಿತು ಅಂತ ನಾನೂ ಅಂದುಕೊಂಡೆ.

ಇಂಟರ್ವಲ್‌ನಲ್ಲಿ ಟೀಚರ್ ನಮ್ಮತ್ತ ವಾಲಿದರು. ಅಲ್ಲೇ ಯಾಕೆ ಮೆಚ್ಚಿದರು ಎಂದು ಅಜ್ಜಿಯನ್ನು ಕೇಳು ಅಂತ ಸ್ಮಿತಾಗೆ ಅಂದರು.

“ಅಷ್ಟು ಜನ ಪಿಟೀಲಿನವರು ಎಲ್ಲೆಲ್ಲೋ ಸುತ್ತಾಡಿ, ಮೊದಲು ಎತ್ತಿಕೊಂಡ ಜಾಗಕ್ಕೇ ಒಟ್ಟಿಗೆ ಬಂದಿಳಿದರಲ್ಲ, ಅದಕ್ಕೆ.”

ಸ್ಮಿತಾ ತಲೆ ತಗ್ಗಿಸಿಯೇ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಟೀಚರ್ ನಕ್ಕುಬಿಟ್ಟರು. ಹಿಂದಿನ ಕಾಲದಲ್ಲಿ ಅವರ ದೇಶದ ಜನವೂ ಭಾಗಗಳ ನಡುವೆಯೇ ಚಪ್ಪಾಳೆ ತಟ್ಟಿ, ಇನ್ನೊಮ್ಮೆ ನುಡಿಸಿ ಅಂತ ಗಲಾಟೆ ಮಾಡುತ್ತಿದ್ದರಂತೆ. ತೆಪ್ಪಗೆ ಕೂರುವುದು ಆಮೇಲೆ ಬಂದ ಶಿಸ್ತಂತೆ.

“ಮತ್ತೆ? ಅವರ ಸಂಪ್ರದಾಯ ಉಳಿಸಿದ್ದು ನಾನೇ ಅನ್ನು,” ಅಂದರು ಅತ್ತೆ.

ಮರುವಾರ ಸೋಲೋ ಸ್ಮಿತಾಗೇ ಸಿಕ್ಕಿತು. ಕುಣಿಯುತ್ತ ಬಂದವಳು, “ಅಜ್ಜಿ, ಫ್ರಂಟ್ ರೋ ನಿಮಗೆ. ಭೇಷ್ ಈಸ್ ಓಕೆ,” ಅಂದಳು.

“ನಾನೂ ಹೇಳ್ಲಾ?”

“ನೋ, ಅಮ್ಮಾ. ಎಲ್ಲಿ ಹೇಳಬೇಕು ಅಂತ ಯು ಡೋಂಟ್ ನೋ.”

ವಾರವಾರವೂ ಕಾರು ಓಡಿಸಿ ಕ್ಲಾಸಿಗೆ ಬಿಡುವವಳು ನಾನು. ಕೊನೆಗೆ ಬಾಯಿ ಮುಚ್ಚಿಕೊಂಡು ಕೂರಬೇಕಾದವಳೂ ನಾನೇನಾ?